ಹುಲ್ಲುಗಾವಲಿನ ಇಳುವರಿಯೂ ಸಸ್ಯಜಾತಿಗಳ ವೈವಿಧ್ಯವೂ

ಹುಲ್ಲುಗಾವಲಿಗೆ ಗೊಬ್ಬರವನ್ನು ಹಾಕಿದರೆ ಮೇವು ಹೆಚ್ಚುವುದೆಂಬುದನ್ನು ರೈತರೆಲ್ಲರೂ ಬಲ್ಲರು. ಆದರೆ ಮೇವಿನ ತೂಕವು ಹೆಚ್ಚುತ್ತ ಹೋದಂತೆ ಅಲ್ಲಿ ಬೆಳೆಯತಕ್ಕ ಸಸ್ಯಜಾತಿಗಳ ಸಂಖ್ಯೆಯು ಕುಗ್ಗಬಹುದೆಂಬ ಸಂಗತಿಯು ಅಷ್ಟಾಗಿ ಪ್ರಚಾರದಲ್ಲಿಲ್ಲ. ಗೋಮಾಳಗಳ ಮೇಲ್ವಿಚಾರಣೆಯನ್ನು ನೋಡಿಕೊಳ್ಳುವ ಗ್ರಾಮದ ಮುಖಂಡರೂ ಜಮೀನುದಾರರೂ ಇದನ್ನು ಅರಿತಿರುವುದು ಅವಶ್ಯಕ.

ಈ ವಿಷಯದಲ್ಲಿ ಅತ್ಯಂತ ದೀರ್ಘಕಾಲದ ಪ್ರಯೋಗವು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕ್ಷೇತ್ರದಲ್ಲಿ ನಡೆದಿದೆ. ಲಾಸ್ ಮತ್ತು ಗಿಲ್ಬರ್ಟ್ ಎಂಬ ವಿದ್ವಾಂಸರು 1856ನೆಯ ಇಸವಿಯಲ್ಲಿ ಸುಮಾರು 7 ಎಕರೆ ಹಳೆಯ ಹುಲ್ಲುಗಾವಲನ್ನು ತಾಕುಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಬಗೆಯ ಗೊಬ್ಬರವನ್ನು ಹಾಕಿಸಿದರು. ಕೆಲವನ್ನು ಗೊಬ್ಬರವಿಲ್ಲದೆ ಬಿಡಿಸಿದರು. ಆ ಪ್ರಯೋಗವು ಇಂದಿಗೂ ನಡೆಯುತ್ತಿದೆ. ಗೊಬ್ಬರವನ್ನೇ ಕಾಣದ ತಾಕುಗಳಲ್ಲಿ ಇಳುವರಿಯು ಅಲ್ಪ. ಆದರೆ ಸಸ್ಯಜಾತಿಗಳು ಸುಮಾರು 40. ಅಮೋನಿಯಂ ಸಲ್ಫೇಟನ್ನು ವರ್ಷವರ್ಷವೂ ಹೇರಳವಾಗಿ ಹಾಕಿ, ಸುಣ್ಣವನ್ನು ಕೊಡದೆ ಬಿಟ್ಟ ತಾಕುಗಳಲ್ಲಿ ಎರಡು ಮೂರು ಜಾತಿಗಳು ಮಾತ್ರ ಉಳಿದಿವೆ.

ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ಆ ಗೊಬ್ಬರದಿಂದ ಮಣ್ಣು ಹುಳಿಯಾಗುವುದು. ಎರಡನೆಯದು, ಬೆಳಕಿನ ಅಭಾವ. ಭೂಸಾರವು ಕಡಮೆಯಿರುವಲ್ಲಿ ಯಾವ ಸಸ್ಯವೂ ಮಿತಿಮೀರಿ ಬೆಳೆಯಲಾರದಾದುದರಿಂದ ಎಲ್ಲಕ್ಕೂ ಸ್ಥಳ ದೊರೆಯುತ್ತದೆ. ಸಾರಜನಕವು ಯಥೇಚ್ಛವಾಗಿ ದೊರೆತೊಡನೆ ಎತ್ತರದ ಹುಲ್ಲುಗಳು ದಟ್ಟವಾಗಿ ಬೆಳೆದು, ಗಿಡ್ಡ ಸಸ್ಯಗಳನ್ನು ನೆರಳಿನಲ್ಲಿ ಅಡಗಿಸಿಬಿಡುತ್ತವೆ.

ರಂಜಕ, ಪೊಟ್ಯಾಷ್‌ಗಳನ್ನು ಮಾತ್ರ ಕೊಟ್ಟು ಸಾರಜನಕವನ್ನು ಕೊಡದಿದ್ದ ತಾಕುಗಳಲ್ಲಿಯಾದರೋ ದ್ವಿದಳ ಸಸ್ಯಗಳು ವೃದ್ಧಿಹೊಂದಿದವು. ಇವು ತಮ್ಮ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ಸಹಾಯದಿಂದ ಗಾಳಿಯ ಸಾರಜನಕವನ್ನು ಪಡೆದುಕೊಳ್ಳುವುದರಿಂದ, ಅಲ್ಲಿಯ ಇಳುವರಿಯು ಗೊಬ್ಬರವಿಲ್ಲದ ತಾಕುಗಳಿಗಿಂತ ಎಷ್ಟೋ ಹೆಚ್ಚಾಯಿತು.

ಜಾತಿಗಳು ಕಡಮೆಯಾದರೆ ನಷ್ಟವೇನೆಂದು ಕೇಳಬಹುದು. ಅಮೆರಿಕದ ಮಿನ್ನೆಸೋಟ ಸೀಮೆಯಲ್ಲಿ 1988ರಲ್ಲಿ ತೀವ್ರವಾದ ಅನಾವೃಷ್ಟಿಯುಂಟಾದಾಗ, ಅಲ್ಲಿನ ಪ್ರಯೋಗಕ್ಷೇತ್ರದಲ್ಲಿ ಬಹುಜಾತಿಗಳಿದ್ದ ತಾಕುಗಳು ಕೆಲವೇ ಜಾತಿಗಳಿದ್ದವುಗಳಿಗಿಂತ ಕಡಮೆ ನಷ್ಟವನ್ನು ಹೊಂದಿದುವು, ಚೇತರಿಸಿಕೊಂಡುದೂ ಬೇಗನೆ. ಒಂದು ಜಾತಿಯು ಒಣಗಿದರೂ ಮತ್ತೊಂದು ತಾಳಿಕೊಳ್ಳುವುದೇ ಇದಕ್ಕೆ ಕಾರಣ. ಮಳೆಯನ್ನೇ ನಂಬಿದ ನಮ್ಮ ಬಯಲುಸೀಮೆಯ ಗೋಮಾಳಗಳಿಗೆ ಈ ಸಂಗತಿಯು ಮುಖ್ಯವಾದುದು. ಬರಗಾಲದಲ್ಲಿ ದನಗಳ ಪ್ರಾಣವು ಅಳಿದುಳಿದ ಹುಲ್ಲನ್ನೇ ಅವಲಂಬಿಸಿರುತ್ತದೆ.

ಆದುದರಿಂದ ಅನುಸರಿಸತಕ್ಕ ಕ್ರಮವೇನೆಂದರೆ:

1. ಹೆಚ್ಚು ಮೇವು ಬೇಕಾದವರು ನೀರಿನ ಆಸರೆಯಿರುವ ಪ್ರತ್ಯೇಕ ತಾಕಿನಲ್ಲಿ ಗೊಬ್ಬರ ಹಾಕಿ ಮೇವನ್ನು ಬೆಳೆಸಿಕೊಳ್ಳಬೇಕು. ಗೋಮಾಳದ ಮೇಲೆಲ್ಲಾ ಸಾರಜನಕದ ಗೊಬ್ಬರವನ್ನು ಎರಚಬಾರದು.

2. ಗೋಮಾಳದಲ್ಲಿ ತಾನಾಗಿ ಬೆಳೆಯುವ ದ್ವಿದಳ ಸಸ್ಯಗಳನ್ನು ಕಳೆಯೆಂದು ಕೀಳಿಸಬಾರದು.

3. ಗೋಮಾಳವನ್ನು ಭಾಗಗಳಾಗಿ ವಿಂಗಡಿಸಿ, ಸರದಿಯಂತೆ ಒಂದೊಂದು ಭಾಗದಲ್ಲಿ ಬೀಜ ಉದುರುವವರೆಗೆ ದನಗಳನ್ನು ತಡೆದು, ಬಳಿಕ ಮೇಯಿಸಬೇಕು ಅಥವಾ ಕೊಯ್ಯಿಸಬೇಕು.

ಕೆಟ್ಟ ಹುಲ್ಲುಗಾವಲು ಸುಧಾರಿಸಲಾರದೆಂದು ನಿರಾಶರಾಗಬೇಕಾದುದಿಲ್ಲ. ರಾಥಮ್‌ಸ್ಟೆಡ್‌ನಲ್ಲಿ 1989ರಿಂದ ಕೆಲವು ತಾಕುಗಳ ಅರ್ಧಭಾಗಕ್ಕೆ ಸಾರಜನಕವನ್ನು ನಿಲ್ಲಿಸಿದ ಮೇಲೆ, ಮಣ್ಣು ಹುಳಿಯಾಗದಿದ್ದ ಕಡೆಗಳಲ್ಲಿ ಸಸ್ಯಜಾತಿಗಳು ಕ್ರಮೇಣ ಮರಳಿ ಹೆಚ್ಚಿದುವು. ಆದರೆ ಇದಕ್ಕೆ ಅನೇಕ ವರ್ಷಗಳು ಹಿಡಿದುವು; ಇರುವುದನ್ನು ಕಾಪಾಡಿಕೊಳ್ಳುವುದೇ ಸುಲಭವಾದ ಮಾರ್ಗವು.