ಬಾಕಿ ಬಿದ್ದ ಪ್ರಾರ್ಥನೆಗಳು

ಸಂಜೆಯ ಕುಟುಂಬ ಪ್ರಾರ್ಥನೆ ಒಂದು ದಿನ ತಪ್ಪಿದರೆ ಕ್ರೈಸ್ತ ಮನೆಗಳಲ್ಲಿ ಯಾರೂ ಯಾರನ್ನೂ ಗದರುವುದಿಲ್ಲ. ಮಗುವಿಗೆ ಮರುದಿನ ಪರೀಕ್ಷೆ, ತಾಯಿಗೆ ಮುಗಿಯದ ಅಡುಗೆಮನೆ ಕೆಲಸ, ತಂದೆ ಮನೆ ಸೇರಿದ್ದೇ ರಾತ್ರಿ ಒಂಬತ್ತಕ್ಕೆ, ಕಾರಣಗಳೆಲ್ಲ ನಿಜವೇ. ಎರಡನೆಯ ದಿನವೂ ತಪ್ಪುತ್ತದೆ. ವಾರ ಕಳೆಯುವಷ್ಟರಲ್ಲಿ ಕಾರಣ ಬೇರೆಯಾಗಿರುತ್ತದೆ. ಇಷ್ಟು ದಿನ ಬಿಟ್ಟವರು ಈಗ ಯಾವ ಮುಖ ಹೊತ್ತು ಮೊಣಕಾಲೂರುವುದು ಎಂಬ ಸಂಕೋಚವೇ ಪ್ರಾರ್ಥನೆಗೆ ಅಡ್ಡ ನಿಲ್ಲುತ್ತದೆ. ಸಾಲ ಮಾಡಿದವನು ಸಾಹುಕಾರನ ಅಂಗಡಿಯ ಬೀದಿಯನ್ನು ತಪ್ಪಿಸಿ ಬಳಸುದಾರಿಯಲ್ಲಿ ಮನೆಗೆ ಹೋಗುವ ಹಾಗೆ, ಮನುಷ್ಯನು ದೇವರ ಕಣ್ಣು ತಪ್ಪಿಸಿ ನಡೆಯತೊಡಗುತ್ತಾನೆ.

ಈ ಸಂಕಟ ಇಂದಿನದಲ್ಲ. ಐನೂರು ವರ್ಷಗಳ ಹಿಂದೆ ಜರ್ಮನಿಯ ಒಬ್ಬ ಸನ್ಯಾಸಿ ತಾನು ತಪ್ಪಿಸಿದ ಪ್ರಾರ್ಥನೆಗಳಿಗೆ ಲೆಕ್ಕವಿಟ್ಟು, ಆ ಲೆಕ್ಕ ತೀರಿಸಲು ಹೋಗಿ ಬುದ್ಧಿಭ್ರಮಣೆಯ ಅಂಚಿಗೆ ತಲುಪಿದ್ದನು. ಮುಂದೆ ಅವನೇ ತನ್ನ ಕ್ಷೌರಿಕನಿಗಾಗಿ ಪ್ರಾರ್ಥನೆಯ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದನು. ಆ ಕ್ಷೌರಿಕನ ಕೈಯಿಂದ ಅದೇ ವರ್ಷ ಒಂದು ಕೊಲೆ ನಡೆಯಿತು.

ಸನ್ಯಾಸಿಯ ಹೆಸರು ಮಾರ್ಟಿನ್ ಲೂಥರ್. ಜನನ 1483ರ ನವೆಂಬರ್ 10, ಐಸ್ಲೇಬೆನ್ ಎಂಬ ಪಟ್ಟಣದಲ್ಲಿ. ತಂದೆ ಗಣಿ ಉದ್ಯಮದಲ್ಲಿ ಬೆಳೆದವನು. ಮಗ ಕಾನೂನು ಓದಬೇಕೆಂಬುದು ಅವನ ಹಂಬಲ. 1505ರಲ್ಲಿ ಎರ್ಫುರ್ಟ್ ವಿಶ್ವವಿದ್ಯಾಲಯದಲ್ಲಿ ಆ ವ್ಯಾಸಂಗ ಆರಂಭವೂ ಆಯಿತು. ಅದೇ ಜುಲೈ 2ರಂದು ದಾರಿಯಲ್ಲಿ ಸಿಡಿಲಿನ ಹೊಡೆತಕ್ಕೆ ಬೆದರಿದ ಲೂಥರ್, ಸಂತ ಅನ್ನಮ್ಮನನ್ನು ಕೂಗಿ ಕರೆದು ಸನ್ಯಾಸಿಯಾಗುವೆನೆಂದು ಹರಕೆ ಹೊತ್ತು, ಹದಿನೈದು ದಿನಗಳೊಳಗೆ ಅಗಸ್ಟಿನಿಯನ್ ಮಠವನ್ನು ಸೇರಿದನು. ಕಾನೂನನ್ನು ಆತ ಬಿಟ್ಟನು; ಕಾನೂನು ಆತನನ್ನು ಬಿಡಲಿಲ್ಲವೆನ್ನಬೇಕು.

ಮಠದಲ್ಲಿ ಪ್ರಾರ್ಥನೆಗೆ ನಿಗದಿತ ವೇಳೆಗಳಿದ್ದವು. ನಡುರಾತ್ರಿ ಕಳೆದ ಮೇಲೆ ಒಮ್ಮೆ, ಅನಂತರ ಬೆಳಗಿನಿಂದ ಮಲಗುವವರೆಗೆ ಮತ್ತೆ ಮತ್ತೆ ಗಂಟೆ ಮೊಳಗುತ್ತಿತ್ತು. ಬೈಬಲಿನ 150 ಕೀರ್ತನೆಗಳು ವಾರಕ್ಕೊಂದು ಸುತ್ತು ಪೂರ್ತಿಯಾಗಬೇಕು. ದೀಕ್ಷೆ ಪಡೆದ ಗುರುವಿಗೆ ಇದು ಮನಸ್ಸಿದ್ದರೆ ಮಾಡುವ ಕೆಲಸವಾಗಿರದೆ ಕಟ್ಟುಪಾಡಾಗಿತ್ತು. ಎಲ್ಲರೊಡನೆ ಸೇರಿ ಹಾಡಲಾಗದಿದ್ದರೆ ಒಬ್ಬನೇ ಕುಳಿತು ಓದಿ ಮುಗಿಸಬೇಕು. ತಕ್ಕ ಕಾರಣವಿಲ್ಲದೆ ಬಿಟ್ಟರೆ ಅದು ಘೋರ ಪಾಪ. ಈ ಕ್ರಮವನ್ನು ಹಳಿಯಬೇಕಾಗಿಲ್ಲ. ಅಸಂಖ್ಯ ಜನರ ಬದುಕಿಗೆ ಅದು ಊರುಗೋಲಾಗಿತ್ತು, ಈಗಲೂ ಆಗಿದೆ. ಆದರೆ ಲೂಥರನ ಕೈಯಲ್ಲಿ ಆ ಊರುಗೋಲು ಬೆತ್ತವಾಯಿತು.

1516ರ ಅಕ್ಟೋಬರ್ 26ರಂದು ಗೆಳೆಯ ಯೋಹಾನ್ ಲಾಂಗ್‌ಗೆ ಬರೆದ ಪತ್ರದಲ್ಲಿ ಆತನು ತನ್ನ ಕೆಲಸಗಳ ಪಟ್ಟಿ ಕೊಟ್ಟಿದ್ದಾನೆ. ಆಗ ವಯಸ್ಸು ಮೂವತ್ತಮೂರು ತುಂಬಿರಲಿಲ್ಲ. ಮಠದಲ್ಲಿ ಬೋಧನೆ, ಊಟದ ವೇಳೆಯ ಪಾರಾಯಣ, ಊರ ಚರ್ಚಿನಲ್ಲಿ ಪ್ರಸಂಗ, ವಿದ್ಯಾರ್ಥಿಗಳ ಮೇಲ್ವಿಚಾರಣೆ, ಹನ್ನೊಂದು ಮಠಗಳ ಉಸ್ತುವಾರಿ, ಒಂದು ಮೀನಿನ ಕೊಳದ ದೇಖರೇಖಿ, ಟೋರ್ಗಾವ್ ಪಟ್ಟಣದಲ್ಲಿ ನಡೆಯುತ್ತಿದ್ದ ಒಂದು ವ್ಯಾಜ್ಯದ ಹೊಣೆ, ಪೌಲನ ಪತ್ರಗಳ ಮೇಲೆ ಪಾಠ, ಇವುಗಳ ನಡುವೆ ದಿನವಿಡೀ ಪತ್ರವ್ಯವಹಾರ. ನಿಗದಿತ ಪ್ರಾರ್ಥನೆಗಳನ್ನು ಪೂರೈಸಲು ಬಿಡುವು ಸಿಗುವುದೇ ಅಪರೂಪವೆಂದು ಅಲ್ಲಿಯೇ ಒಪ್ಪಿಕೊಂಡಿದ್ದಾನೆ. ಮೀನಿನ ಕೊಳದ ಹೆಸರು ಕೇಳಿ ಓದುಗರಿಗೆ ನಗು ಬಂದೀತು. ಪ್ರಾರ್ಥನೆಯ ವೇಳೆಯನ್ನು ನುಂಗುವುದು ಬಹುಮಟ್ಟಿಗೆ ಇಂಥ ಸಾಮಾನ್ಯ ಕೆಲಸಗಳೇ ಹೊರತು ದೊಡ್ಡ ಪ್ರಲೋಭನೆಗಳಲ್ಲ.

ತಪ್ಪಿದ್ದನ್ನು ತಪ್ಪಿಹೋಯಿತೆಂದು ಬಿಡುವ ಮನಸ್ಸು ಲೂಥರನದಲ್ಲ. ಒಂದು ವಾರದ, ಕೆಲವೊಮ್ಮೆ ಎರಡು ಮೂರು ವಾರಗಳ ಪ್ರಾರ್ಥನೆಗಳನ್ನು ಒಟ್ಟು ಹಾಕಿಕೊಂಡು, ಶನಿವಾರ ಬಾಗಿಲು ಹಾಕಿಕೊಂಡು ಕುಳಿತು ಓದುತ್ತಿದ್ದನು. ಒಮ್ಮೊಮ್ಮೆ ಮೂರು ದಿನ ಅನ್ನನೀರಿಲ್ಲದೆ ಇದೇ ಕೆಲಸ. ಪರಿಣಾಮವಾಗಿ ತಲೆ ಸಿಡಿಯುವಂತಾಗಿ, ಐದು ರಾತ್ರಿ ಕಣ್ಣು ಮುಚ್ಚದೆ, ಸಾಯುವ ಸ್ಥಿತಿಗೆ ಬಂದು ಪ್ರಜ್ಞೆ ತಪ್ಪಿದ ಪ್ರಸಂಗವನ್ನು ಮುಂದೆ ಆತನೇ ಊಟದ ಮೇಜಿನಲ್ಲಿ ಶಿಷ್ಯರಿಗೆ ಹೇಳಿದ್ದು ದಾಖಲಾಗಿದೆ. ಹೀಗೆ ತೀರಿಸಿದ ಬಾಕಿಗೆ ಪ್ರಾರ್ಥನೆಯೆಂದು ಹೇಗೆ ಹೆಸರಿಡುವುದು? ಅಮಲ್ದಾರನಿಗೆ ಹೆದರಿ ಕಂದಾಯ ಕಟ್ಟಿದ ಹಾಗಾಯಿತು, ಅಷ್ಟೆ.

ಪಾಪನಿವೇದನೆಯಲ್ಲಿಯೂ ಇದೇ ಕಥೆ. ಗಂಟೆಗಟ್ಟಲೆ ಕುಳಿತು ಸಣ್ಣಪುಟ್ಟ ದೋಷಗಳನ್ನೆಲ್ಲ ಹೆಕ್ಕಿ ಹೇಳುವನು. ಎದ್ದು ಹೋಗುವಾಗ ಇನ್ನೊಂದು ನೆನಪಾಗಿ ಮರಳಿ ಬರುವನು. ಆತನ ಹಿರಿಯರಾದ ಯೋಹಾನ್ ಸ್ಟೌಪಿಟ್ಸ್ ತಾಳ್ಮೆಯುಳ್ಳವರು. ಅವರೂ ಕೊನೆಗೆ ನೀನು ತರುತ್ತಿರುವುದು ಗೊಂಬೆಯಾಟದ ಪಾಪಗಳು ಎಂಬರ್ಥದಲ್ಲಿ ಗದರಿಸಿದರಂತೆ. ಕ್ರಿಸ್ತನ ಕ್ಷಮೆ ಇರುವುದು ಹೆತ್ತವರನ್ನು ಕೊಂದಂಥ ನಿಜವಾದ ಪಾಪಗಳಿಗೆ ಎಂಬುದು ಅವರ ಮಾತಿನ ತಾತ್ಪರ್ಯ. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಕ್ಷೌರಿಕನ ಕಥೆಯಲ್ಲಿ ಅದು ಮತ್ತೆ ಬರಲಿದೆ.

1520ರ ಹೊತ್ತಿಗೆ ಬಾಕಿ ಬೆಳೆದು ಸುಮಾರು ಮೂರು ತಿಂಗಳ ಪ್ರಾರ್ಥನೆಯಾಗಿತ್ತು. ಅದನ್ನು ತೀರಿಸುವ ದಾರಿ ಉಳಿದಿರಲಿಲ್ಲ. ಲೂಥರ್ ಲೆಕ್ಕವನ್ನೇ ಕೈಬಿಟ್ಟನು. ದೇವರು ತನ್ನನ್ನು ಆ ಹಿಂಸೆಯಿಂದ ಬಲವಂತವಾಗಿ ಎಳೆದು ಹೊರತಂದನೆಂದೇ ಆತನು ಹೇಳಿಕೊಂಡಿದ್ದಾನೆ. ಅದೊಂದು ವೀರಕೃತ್ಯವಾಗಿರಲಿಲ್ಲ, ದೇಹ ಸೋತದ್ದರಿಂದ ಆದ ಬಿಡುಗಡೆ.

ಇದು ಒಂದೇ ಪಂಗಡದ ಸಮಸ್ಯೆಯೆಂದು ತಿಳಿಯಬಾರದು. ಕಥೋಲಿಕ ಸಭೆ ಪ್ರಾರ್ಥನೆಯ ಮಹಾಗುರುವೆಂದು ಗೌರವಿಸುವ ಸ್ಪೇನಿನ ಆವಿಲಾದ ಸಂತ ತೆರೇಸಾ ತಮ್ಮ ಆತ್ಮಕಥೆಯಲ್ಲಿ, ಪ್ರಾರ್ಥನೆಗೆ ಕುಳಿತು ಗಡಿಯಾರ ಯಾವಾಗ ಬಾರಿಸುವುದೋ ಎಂದು ಕಾದಿದ್ದ ವರ್ಷಗಳನ್ನು ಬರೆದಿದ್ದಾರೆ. ತನ್ನಂಥವಳಿಗೆ ಪ್ರಾರ್ಥಿಸುವ ಯೋಗ್ಯತೆಯಿಲ್ಲವೆಂದು ನಾಚಿ ಒಂದು ವರ್ಷಕ್ಕೂ ಮಿಕ್ಕಿ ಮೌನಪ್ರಾರ್ಥನೆಯನ್ನೇ ಬಿಟ್ಟಿದ್ದರು. ಪ್ರಾರ್ಥಿಸಲು ತಾವೇ ಕಲಿಸಿದ್ದ ತಂದೆಗೆ ಕಾಯಿಲೆಯ ನೆಪ ಹೇಳಿದ್ದರು. ತಂದೆ ತೀರಿಕೊಂಡ ಮೇಲೆ, ಅವರ ಪಾಪನಿವೇದನೆ ಕೇಳುತ್ತಿದ್ದ ಗುರುವಿನ ಮಾತಿನಿಂದ ತೆರೇಸಾ ಪ್ರಾರ್ಥನೆಗೆ ಮರಳಿದರು. ಅಯೋಗ್ಯತೆಯ ನೆಪದಲ್ಲಿ ದೂರ ಸರಿದದ್ದು ವಿನಯವಲ್ಲ, ವಿನಯದ ವೇಷ ತೊಟ್ಟ ಮೋಸವೆಂಬುದು ಅವರ ನಿರ್ಣಯ.

ಲೆಕ್ಕ ಹರಿದುಹಾಕಿದರೆ ಎಲ್ಲವೂ ಸರಿಹೋಗುವುದೆಂದೂ ಅಲ್ಲ. 1530ರಲ್ಲಿ ತನ್ನ ದೊಡ್ಡ ಧರ್ಮಬೋಧೆಯ ಪುಸ್ತಕಕ್ಕೆ ಬರೆದ ಮುನ್ನುಡಿಯಲ್ಲಿ ಲೂಥರ್ ತನ್ನ ಕಡೆಯ ಪಾದ್ರಿಗಳ ಮೇಲೆಯೇ ಹರಿಹಾಯ್ದಿದ್ದಾನೆ. ಹಳೆಯ ವೇಳಾಪಟ್ಟಿಯ ಹೊರೆ ಇಳಿದದ್ದೇ ತಡ, ದಿನಕ್ಕೆ ಒಂದೆರಡು ಪುಟ ಓದುವುದಕ್ಕೂ ಇವರಿಗೆ ಸೋಮಾರಿತನವೆಂಬುದು ಆತನ ಸಿಟ್ಟು. ತಾನು ಪಂಡಿತನಾದರೂ ಪ್ರತಿ ಬೆಳಗ್ಗೆ ಮಗುವಿನಂತೆ ಹತ್ತು ಆಜ್ಞೆಗಳನ್ನೂ ಕರ್ತನ ಪ್ರಾರ್ಥನೆಯನ್ನೂ ಪದ ಪದವಾಗಿ ಹೇಳುವೆನೆಂದು ಅಲ್ಲಿಯೇ ತಿಳಿಸಿದ್ದಾನೆ.

ಲೂಥರ್ ದಿನಕ್ಕೆ ಮೂರು ಗಂಟೆ ಪ್ರಾರ್ಥಿಸುತ್ತಿದ್ದನೆಂದು ಪ್ರಸಂಗಗಳಲ್ಲಿ ಹೇಳುವುದುಂಟು. ಕೇಳಿದವರು ತಲೆ ತಗ್ಗಿಸಿ ಮನೆಗೆ ಹೋಗುತ್ತಾರೆ. ಸಾಕ್ಷ್ಯವೇನೋ ಇದೆ: 1530ರಲ್ಲಿ ಜೊತೆಗಿದ್ದ ಫೈಟ್ ಡೀಟ್ರಿಖ್ ಹಾಗೆ ಬರೆದಿದ್ದಾನೆ. ಆದರೆ ಸಾಕ್ಷಿಯ ಮಾತನ್ನು ಸಂದರ್ಭ ಸಹಿತವಾಗಿ ಓದಬೇಕು. ಆಗ ಲೂಥರ್ ಇದ್ದದ್ದು ಕೋಬುರ್ಗ್ ಕೋಟೆಯಲ್ಲಿ, ಹೆಂಡತಿ ಮಕ್ಕಳಿಂದ ದೂರ, ಔಗ್ಸ್‌ಬುರ್ಗಿನಲ್ಲಿ ನಡೆಯುತ್ತಿದ್ದ ಮಹಾಸಭೆಯ ಸುದ್ದಿಗಾಗಿ ಆತಂಕದಿಂದ ಕಾಯುತ್ತ. ಮೂರು ಮಕ್ಕಳಿಗೆ ಬುತ್ತಿ ಕಟ್ಟಿ ಏಳೂವರೆಯ ಬಸ್ಸಿಗೆ ಕಳುಹಿಸಬೇಕಾದ ತಾಯಿಯನ್ನು ಆ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ.

ಮನೆಗಳಿಗಾಗಿ ಲೂಥರ್ ಬರೆದುಕೊಟ್ಟ ಅಳತೆ ಬೇರೆಯೇ ಇದೆ. 1529ರ ಚಿಕ್ಕ ಧರ್ಮಬೋಧೆಯಲ್ಲಿ ಮನೆಯ ಯಜಮಾನನು ಮಕ್ಕಳಿಗೂ ಆಳುಗಳಿಗೂ ಕಲಿಸಬೇಕಾದ ಕ್ರಮ ಹೀಗಿದೆ: ಬೆಳಗ್ಗೆ ಎದ್ದು ಶಿಲುಬೆಯ ಗುರುತು, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ, ಬೇಕಿದ್ದರೆ ನಾಲ್ಕು ಸಾಲಿನ ಇನ್ನೊಂದು ಪ್ರಾರ್ಥನೆ, ಅನಂತರ ಒಂದು ಹಾಡು ಹಾಡುತ್ತ ಸಂತೋಷವಾಗಿ ಕೆಲಸಕ್ಕೆ. ರಾತ್ರಿಯೂ ಅಷ್ಟೇ, ಆಮೇಲೆ ಕೂಡಲೇ ಹಗುರ ಮನಸ್ಸಿನಿಂದ ನಿದ್ರೆ. ಐದು ರಾತ್ರಿ ನಿದ್ರೆಗೆಟ್ಟವನು ಬರೆದ ವಿಧಿಯಿದು. 1834ರಲ್ಲಿ ಮಂಗಳೂರಿಗೆ ಬಂದು, ಮುಂದೆ ನೀಲಗಿರಿಯ ಕೇತಿಯವರೆಗೂ ನೆಲೆಗಳನ್ನು ಮಾಡಿದ ಬಾಸೆಲ್ ಮಿಶನಿನವರ ಬೇರುಗಳು ಇದೇ ಸುಧಾರಣೆಯ ಪರಂಪರೆಯಲ್ಲಿದ್ದವು.

ಇನ್ನು ಕ್ಷೌರಿಕನ ವಿಷಯ. ವಿಟನ್‌ಬರ್ಗಿನಲ್ಲಿ ಲೂಥರನಿಗೆ ಕ್ಷೌರ ಮಾಡುತ್ತಿದ್ದವನು ಪೀಟರ್ ಬೆಸ್ಕೆನ್‌ಡೋರ್ಫ್, ಹಳೆಯ ಸ್ನೇಹಿತ. ಸಾಮಾನ್ಯ ಮನುಷ್ಯನೊಬ್ಬನು ಹೇಗೆ ಪ್ರಾರ್ಥಿಸಬೇಕೆಂದು ಅವನು ಕೇಳಿದ್ದಕ್ಕೆ ಉತ್ತರವಾಗಿ 1535ರಲ್ಲಿ ಒಂದು ಕಿರುಪುಸ್ತಕ ಬಂತು. ಪ್ರಾರ್ಥನೆಯ ಸರಳ ವಿಧಾನ, ಒಬ್ಬ ಒಳ್ಳೆಯ ಸ್ನೇಹಿತನಿಗಾಗಿ ಎಂಬುದು ಹೆಸರಿನ ಅರ್ಥ.

ಪುಸ್ತಕದ ಆರಂಭವೇ ಲೇಖಕನ ತಪ್ಪೊಪ್ಪಿಗೆ. ಬೇರೆ ಕೆಲಸ, ಬೇರೆ ಯೋಚನೆಗಳಿಂದ ತನಗೂ ಪ್ರಾರ್ಥನೆಯಲ್ಲಿ ಮನಸ್ಸು ತಣ್ಣಗಾಗುವುದುಂಟೆಂದು ಲೂಥರ್ ಹೇಳುತ್ತಾನೆ. ಆಗ ಕೀರ್ತನೆಗಳ ಪುಸ್ತಕ ಹಿಡಿದು ಕೋಣೆಗೋ ಚರ್ಚಿಗೋ ಹೋಗಿ, ಆಜ್ಞೆಗಳನ್ನೋ ವಿಶ್ವಾಸ ಪ್ರಮಾಣವನ್ನೋ ಮಕ್ಕಳಂತೆ ಬಾಯಿಬಿಟ್ಟು ಹೇಳಿಕೊಳ್ಳುವನು. ಮನಸ್ಸು ಬೆಚ್ಚಗಾಗುವವರೆಗೆ ಕಾದು ಪ್ರಾರ್ಥಿಸುವುದಲ್ಲ. ಹೇಳಿಕೊಳ್ಳುತ್ತಲೇ ಮನಸ್ಸು ಬೆಚ್ಚಗಾಗುತ್ತದೆ. ಇದೊಂದು ಕೆಲಸ ಮುಗಿಸಿ ಇನ್ನೊಂದು ಗಂಟೆಯಲ್ಲಿ ಪ್ರಾರ್ಥಿಸುತ್ತೇನೆಂಬ ಯೋಚನೆಯನ್ನು ಮಾತ್ರ ನಂಬಬೇಡವೆಂದು ಎಚ್ಚರಿಸುತ್ತಾನೆ. ದುಡಿಮೆಯೂ ಒಂದು ಬಗೆಯ ಪ್ರಾರ್ಥನೆಯೆಂದು ಒಪ್ಪಿ, ಆ ಮಾತನ್ನೇ ನೆಪಮಾಡಿಕೊಳ್ಳಬಾರದೆಂದೂ ಸೇರಿಸುತ್ತಾನೆ.

ಚದುರುವ ಮನಸ್ಸಿನ ಬಗ್ಗೆ ಹೇಳಲು ಕ್ಷೌರಿಕನ ಕಸುಬನ್ನೇ ಎತ್ತಿಕೊಂಡಿದ್ದಾನೆ. ಒಳ್ಳೆಯ ಕ್ಷೌರಿಕನ ಕಣ್ಣು ಕತ್ತಿಯ ಮೇಲೆ, ಕೂದಲಿನ ಮೇಲೆ ಇರಬೇಕು. ಹರಟುತ್ತ ಅತ್ತಿತ್ತ ನೋಡಿದರೆ ಗಿರಾಕಿಯ ಮೂಗೋ ಗಂಟಲೋ ಕೊಯ್ದೀತು. ಹಾಗೆಂದು ದೀರ್ಘ ಪ್ರಾರ್ಥನೆಯನ್ನೂ ಆತ ಬಯಸುವುದಿಲ್ಲ. ಪ್ರತಿಯೊಂದು ಆಜ್ಞೆಯನ್ನೂ ನಾಲ್ಕು ಎಳೆಯಾಗಿ ಬಿಡಿಸಿಕೊಳ್ಳಬಹುದು: ಇದು ಏನು ಕಲಿಸುತ್ತದೆ, ಯಾವುದಕ್ಕೆ ಕೃತಜ್ಞತೆ ಹೇಳಬೇಕು, ಎಲ್ಲಿ ತಪ್ಪಿದ್ದೇನೆ, ಏನು ಬೇಡಲಿ. ನಡುವೆ ಒಂದು ಒಳ್ಳೆಯ ಯೋಚನೆ ಬಂದರೆ ಉಳಿದುದನ್ನು ಬಿಟ್ಟುಬಿಟ್ಟು ಸುಮ್ಮನೆ ಅದನ್ನೇ ಆಲಿಸಬೇಕು. ಮೂರು ತಿಂಗಳ ಬಾಕಿಗೆ ಹೆದರಿ ನಡುಗಿದವನು, ಪ್ರಾರ್ಥನೆಯನ್ನು ಅರ್ಧಕ್ಕೆ ನಿಲ್ಲಿಸಬಹುದೆಂದು ಇಲ್ಲಿ ಅಪ್ಪಣೆ ಕೊಡುತ್ತಿದ್ದಾನೆ. ಆಮೆನ್ ಹೇಳುವಾಗ ಮಾತ್ರ ಗಟ್ಟಿಯಾಗಿ ಹೇಳಬೇಕು. ಮೊಣಕಾಲೂರಿದವನು ಒಂಟಿಯಲ್ಲ, ಇಡೀ ಕ್ರೈಸ್ತಸಭೆ ಪಕ್ಕದಲ್ಲಿ ನಿಂತಿರುತ್ತದೆ.

1535ರ ಮಾರ್ಚ್ 27, ಈಸ್ಟರ್ ಹಬ್ಬದ ಹಿಂದಿನ ಶನಿವಾರ. ಪೀಟರ್ ಮಗಳ ಮನೆಯಲ್ಲಿ ಊಟಕ್ಕೆ ಕುಳಿತಿದ್ದನು, ಕುಡಿದಿದ್ದನು. ಸೈನಿಕನಾದ ಅಳಿಯ, ಯಾವ ಆಯುಧವೂ ತನ್ನನ್ನು ಗಾಯಗೊಳಿಸದಂಥ ವಿದ್ಯೆ ತನಗೆ ಗೊತ್ತೆಂದು ಕೊಚ್ಚಿಕೊಂಡನು. ಮಾವ ಅದನ್ನು ಪರೀಕ್ಷಿಸಿಬಿಟ್ಟನು. ಒಂದೇ ಇರಿತ, ಅಳಿಯ ಸತ್ತನು.

ಸಾಮ್ರಾಜ್ಯಕ್ಕೆ 1532ರಲ್ಲಿ ಹೊಸ ದಂಡಸಂಹಿತೆ ಬಂದಿತ್ತು. ಕೋಪದ ಭರದಲ್ಲಿ, ಮುಂದಾಲೋಚನೆಯಿಲ್ಲದೆ ಕೊಂದವನಿಗೂ ಅದರ 137ನೆಯ ವಿಧಿಯಲ್ಲಿ ಶಿರಚ್ಛೇದವೇ ಶಿಕ್ಷೆ. ಲೂಥರ್ ಸ್ನೇಹಿತನ ಪರವಾಗಿ ಅಧಿಕಾರಿಗಳಲ್ಲಿ ಬೇಡಿಕೊಂಡನು. ಪೀಟರನ ತಲೆ ಉಳಿಯಿತು. ಆಸ್ತಿ ಹೋಯಿತು, ಊರಿನಿಂದ ಗಡೀಪಾರಾಯಿತು.

ಇಲ್ಲಿ ಎರಡು ಅಪರಾಧಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಶನಿವಾರಗಳಲ್ಲಿ ಬಾಗಿಲು ಹಾಕಿಕೊಂಡ ಸನ್ಯಾಸಿಯದು ಯಾರೂ ದಾವೆ ಹೂಡದ ಬಾಕಿ. ತಾನೇ ವಾದಿ, ತಾನೇ ಅಮೀನ. ಪೀಟರನದು ರಕ್ತ ಹರಿದ ಅಪರಾಧ, ವಿಧವೆಯಾದವಳು ಸ್ವಂತ ಮಗಳು. ಅದನ್ನು ಯಾವ ಸರಳ ವಿಧಾನವೂ ಅಳಿಸದು, ಅಳಿಸಬೇಕೆಂದು ಲೂಥರನೂ ವಾದಿಸಲಿಲ್ಲ. ಶಿಕ್ಷೆ ಕಡಿಮೆಯಾಯಿತೇ ಹೊರತು ರದ್ದಾಗಲಿಲ್ಲ. ಸ್ಟೌಪಿಟ್ಸ್ ಹೇಳಿದ್ದ ಆ ನಿಜವಾದ ಪಾಪ ಈಗ ಹೆಸರು, ಮುಖಗಳೊಂದಿಗೆ ಎದುರು ನಿಂತಿತ್ತು. ಸಣ್ಣ ಬಾಕಿಗಳಿಗೆ ಹೆದರಿ ದೇವರಿಂದ ಅಡಗಿದವರಿಗೆ ಹೋಲಿಸಿದರೆ, ಮೊಣಕಾಲೂರುವ ಅಗತ್ಯ ಹೆಚ್ಚಾಗಿದ್ದುದು ಈ ಮನುಷ್ಯನಿಗೆ.

ಪೀಟರ್ ದೆಸ್ಸೌ ಪಟ್ಟಣದಲ್ಲಿ ಕೊನೆಯ ದಿನಗಳನ್ನು ಕಳೆದನು. ಅವನು ಕೇಳಿ ಬರೆಸಿಕೊಂಡ ಪುಸ್ತಕದಲ್ಲಿ ಹತ್ತು ಆಜ್ಞೆಗಳೂ ಒಂದೊಂದಾಗಿ ಬರುತ್ತವೆ. ಲೂಥರನ ಎಣಿಕೆಯಂತೆ ಐದನೆಯದು ಕೊಲೆ ಮಾಡಬಾರದೆಂಬುದು. ಅದನ್ನೂ ಉಳಿದವುಗಳ ಹಾಗೆಯೇ ನಾಲ್ಕು ಎಳೆಯಾಗಿ ಬಿಡಿಸಿದ್ದಾನೆ: ಉಪದೇಶ, ಕೃತಜ್ಞತೆ, ತಪ್ಪೊಪ್ಪಿಗೆ, ಬೇಡಿಕೆ.