ಅಪವಾದ ಹೊತ್ತ 25 ಅಕ್ಷರಗಳು

ಇಲಿಯ ಹೃದಯ ನಿಮಿಷಕ್ಕೆ ಸುಮಾರು 600 ಸಲ ಬಡಿಯುತ್ತದೆ. ನಮ್ಮದು 70ರ ಆಸುಪಾಸು. ಮನುಷ್ಯರ ಹೃದಯದ ಲಯ ಏಕೆ ತಪ್ಪುತ್ತದೆಂದು ಇಲಿಯಲ್ಲಿ ಹುಡುಕುವವರಿಗೆ ಇದು ಹಳೆಯ ತಲೆನೋವು. ರೋಗಿಯ ಎದೆಯಿಂದಲೇ ಚೂರು ತೆಗೆದು ಪರೀಕ್ಷಿಸೋಣವೆಂದರೆ, ಹೃದಯಸ್ನಾಯುವಿನ ಕೋಶ ದೇಹದ ಹೊರಗೆ ಹೆಚ್ಚು ದಿನ ಬಾಳುವುದಿಲ್ಲ.

ಬಿಕ್ಕಟ್ಟು ಬಿಡಿಸಿದ್ದು ಜಪಾನಿನ ಶಿನ್ಯಾ ಯಮನಾಕ. ನಾಲ್ಕೇ ಜೀನ್‌ಗಳನ್ನು ಒಳಸೇರಿಸಿದರೆ ಬಲಿತ ಚರ್ಮದ ಕೋಶವೂ ಭ್ರೂಣದ ಕಾಂಡಕೋಶದ ಸ್ಥಿತಿಗೆ ಮರಳುತ್ತದೆಂದು 2006ರಲ್ಲಿ ಇಲಿಯಲ್ಲಿ, ಮರುವರ್ಷ ಮನುಷ್ಯರಲ್ಲಿ ತೋರಿಸಿದರು. 2012ರಲ್ಲಿ ಜಾನ್ ಗರ್ಡನ್ ಜೊತೆ ನೊಬೆಲ್ ಹಂಚಿಕೊಂಡರು.

ಹೀಗೆ ಮರಳಿದ ಕೋಶ ಯಾವ ಅಂಗದ ಕೋಶವಾಗಿಯೂ ಬೆಳೆಯಬಲ್ಲದು. ಹೃದಯ ಬೇಕೆಂದರೆ ಒಂದು ರಾಸಾಯನಿಕ ಸಂದೇಶವನ್ನು ಮೊದಲು ಚುರುಕುಗೊಳಿಸಿ, ಕೆಲ ದಿನಗಳಲ್ಲಿ ಅದನ್ನೇ ತಡೆಯಬೇಕು. ಎಂಟು-ಹತ್ತು ದಿನವಾಗುವಷ್ಟರಲ್ಲಿ ಕೋಶ ಬೆಳೆಸುವ ತಟ್ಟೆಯ ಯಾವುದೋ ಮೂಲೆಯಲ್ಲಿ ಒಂದು ಗುಂಪು ಮಿಸುಕುತ್ತದೆ. ಅಕ್ಕಪಕ್ಕದವೂ ಜೊತೆಗೂಡಿ ಕ್ರಮೇಣ ಇಡೀ ಪದರ ಒಂದೇ ತಾಳಕ್ಕೆ ಬಡಿಯತೊಡಗುತ್ತದೆ. ನಡುವೆ ಬೇಡದ ಕೋಶಗಳೂ ಬೆಳೆದಿರುತ್ತವೆ. ಅವನ್ನು ಕಳೆಯುವ ಉಪಾಯ ಸೊಗಸಾಗಿದೆ: ಗ್ಲೂಕೋಸ್ ನಿಲ್ಲಿಸಿ ಲ್ಯಾಕ್ಟೇಟ್ ಮಾತ್ರ ಉಣಿಸುವುದು. ಉಳಿದವು ಹಸಿದು ಸಾಯುತ್ತವೆ, ಹೃದಯದ ಕೋಶಗಳು ಅದರಲ್ಲೇ ಬದುಕುತ್ತವೆ.

ಚರ್ಮ ರೋಗಿಯದಾದರೆ ಆ ಕೋಶಗಳಲ್ಲಿರುವುದೂ ರೋಗಿಯದೇ ಡಿಎನ್‌ಎ. 2010ರಲ್ಲಿ ಮ್ಯೂನಿಕ್‌ನ ಸಂಶೋಧಕರು 'ಲಾಂಗ್ ಕ್ಯೂಟಿ' ಎಂಬ ಲಯದೋಷವಿದ್ದ ಒಂದೇ ಕುಟುಂಬದ ಇಬ್ಬರ ಚರ್ಮದಿಂದ ಹೃದಯಕೋಶ ಬೆಳೆಸಿದರು. ಪ್ರತಿ ಬಡಿತದ ವಿದ್ಯುತ್ ಅಲೆ ಇಳಿಯಲು ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಪೊಟ್ಯಾಸಿಯಂ ಹೊರಹೋಗಲು ದಾರಿಯಾಗಬೇಕಿದ್ದ ಪ್ರೋಟೀನು ಕೋಶದ ಪೊರೆಗೆ ಸರಿಯಾಗಿ ತಲುಪದೆ ಒಳಗೇ ಉಳಿದಿತ್ತು. ಕುಟುಂಬದ ಕಾಯಿಲೆ ತಟ್ಟೆಯಲ್ಲೂ ಕಾಣಿಸಿಕೊಂಡಿತ್ತು.

ನಮ್ಮ ಭಾಗದ ಕಥೆ ಇನ್ನೂ ಸ್ವಾರಸ್ಯದ್ದು. ಹೃದಯಸ್ನಾಯುವಿನ ಕುಗ್ಗುವಿಕೆಯನ್ನು ಹತೋಟಿಯಲ್ಲಿಡುವ ಒಂದು ಪ್ರೋಟೀನಿದೆ. ಅದರ ಜೀನ್ ಎಂವೈಬಿಪಿಸಿ3. ದಕ್ಷಿಣ ಏಷ್ಯಾದ ಸುಮಾರು ಶೇ 4 ಮಂದಿಯಲ್ಲಿ ಈ ಜೀನಿನ 25 ಅಕ್ಷರಗಳು ಬಿಟ್ಟುಹೋಗಿವೆ ಎಂದೂ, ಅಂಥವರಿಗೆ ಹೃದಯಸ್ನಾಯುವಿನ ಕಾಯಿಲೆಯ ಅಪಾಯ ಹೆಚ್ಚೆಂದೂ 2009ರಲ್ಲಿ ಪ್ರಕಟವಾಯಿತು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕೆ. ತಂಗರಾಜ್ ಆ ತಂಡದಲ್ಲಿದ್ದರು. ಆ ಪ್ರಬಂಧದ ಮೊದಲ ಲೇಖಕ ಪೆರುಂದುರೈ ದಂಡಪಾಣಿ ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಹೃದಯ ಕಾಯಿಲೆಗಳ ಪ್ರಯೋಗಾಲಯ ಕಟ್ಟಿದರು.

ಕೋಟಿಗಟ್ಟಲೆ ಜನರ ಮೈಯಲ್ಲಿರುವ ದೋಷ! ಆದರೆ ಅವರಲ್ಲಿ ಬಹುತೇಕರು ಆರಾಮವಾಗಿಯೇ ಇದ್ದಾರಲ್ಲ?

ಈ ಅನುಮಾನಕ್ಕೆ ಪುಷ್ಟಿ ಸಿಗುತ್ತ ಹೋಯಿತು. 2018ರಲ್ಲಿ ಅಮೆರಿಕದಲ್ಲಿ ನೆಲೆಸಿದ ದಕ್ಷಿಣ ಏಷ್ಯನ್ನರನ್ನು ಪರೀಕ್ಷಿಸಿದಾಗ, ಈ ದೋಷವಿದ್ದ ಹತ್ತರಲ್ಲಿ ಒಬ್ಬರಷ್ಟು ಮಂದಿಗೆ ಅದೇ ಜೀನಿನಲ್ಲಿ ಇನ್ನೊಂದು ಬದಲಾವಣೆಯೂ ಇತ್ತು. ಹೃದಯ ಅತಿಯಾಗಿ ದುಡಿಯುವ ಲಕ್ಷಣ ಕಂಡದ್ದು ಈ ಜೋಡಿ ಇದ್ದವರಲ್ಲಿ; ಕಾಂಡಕೋಶದಿಂದ ಬೆಳೆಸಿದ ಅವರ ಹೃದಯಕೋಶಗಳೂ ಕಾಯಿಲೆಯ ಗುರುತು ತೋರಿದವು. 2020ರ ಇನ್ನೊಂದು ಅಧ್ಯಯನ, 25 ಅಕ್ಷರಗಳ ಲೋಪದ ಜೊತೆ ಕೆಲವರಲ್ಲಿ ಅಂಟಿಕೊಂಡು ಬರುವ ಮತ್ತೊಂದು ಒಂಟಿ ಅಕ್ಷರದ ಕಡೆ ಬೆರಳು ತೋರಿಸಿತು. ನೆರೆಯವನ ತಪ್ಪಿಗೆ ಈ 25 ಅಕ್ಷರಗಳು ಹೆಸರು ಕೆಡಿಸಿಕೊಂಡಿದ್ದವೋ ಏನೋ.

ಇಂಥ ವಿಚಾರಣೆಗೆ ಕಾಂಡಕೋಶದಷ್ಟು ಒಳ್ಳೆಯ ಕಟಕಟೆ ಇನ್ನೊಂದಿಲ್ಲ. ಇಬ್ಬರು ಮನುಷ್ಯರ ನಡುವೆ ಡಿಎನ್‌ಎಯ ಲಕ್ಷಾಂತರ ಅಕ್ಷರಗಳು ಬೇರೆಯಿರುತ್ತವೆ. ರೋಗಿಯನ್ನು ನೆರೆಮನೆಯವರೊಡನೆ ಹೋಲಿಸಿದರೆ ಯಾವುದು ಕಾರಣವೆಂದು ಹೇಳುವುದು ಕಷ್ಟ. ರೋಗಿಯದೇ ಕಾಂಡಕೋಶದಲ್ಲಿ ಕ್ರಿಸ್ಪರ್ ಎಂಬ ಜೀನ್ ತಿದ್ದುವ ತಂತ್ರ ಬಳಸಿ ಅನುಮಾನದ ಅಕ್ಷರವನ್ನಷ್ಟೇ ತಿದ್ದಿದರೆ, ತಿದ್ದಿದ್ದು ಒಂದು ತಟ್ಟೆಯಲ್ಲಿ, ತಿದ್ದದೆ ಬಿಟ್ಟದ್ದು ಇನ್ನೊಂದರಲ್ಲಿ. ಎರಡೂ ಒಂದೇ ರೀತಿ ಬಡಿದರೆ ಆರೋಪ ಸಡಿಲವಾಗುತ್ತದೆ.

ತೀರ್ಪು ಕೊಡಲು ಅವಸರ ಮಾತ್ರ ಸಲ್ಲದು. ತಟ್ಟೆಯ ಕೋಶಗಳು ವಯಸ್ಸಿನಲ್ಲಿ ಇನ್ನೂ ಗರ್ಭದ ಶಿಶುವಿನವು. ವಯಸ್ಕರ ಹೃದಯಕೋಶ ಉದ್ದನೆಯ ಇಟ್ಟಿಗೆಯಂತಿದ್ದರೆ, ಇವು ಚಿಕ್ಕವು, ದುಂಡನೆಯವು. ನಡುವಯಸ್ಸಿನಲ್ಲಿ ತಲೆಯೆತ್ತುವ ಕಾಯಿಲೆಯನ್ನು ತಿಂಗಳ ಪ್ರಾಯದ ಕೋಶದಲ್ಲಿ ಹುಡುಕುವುದು ಸುಲಭವಲ್ಲ. ಅದಕ್ಕೇ ಹಲವು ಪ್ರಯೋಗಾಲಯಗಳು ಕೋಶಗಳನ್ನು ಜೆಲ್‌ನಲ್ಲಿ ಬೆರೆಸಿ, ಎರಡು ಪುಟ್ಟ ಕಂಬಗಳ ನಡುವೆ ಎಳೆಯಂತೆ ಬಿಗಿದು, ವಿದ್ಯುತ್ ತಟ್ಟುತ್ತ ವಾರಗಟ್ಟಲೆ ದುಡಿಸುತ್ತಿವೆ. ಕಂಬ ಎಷ್ಟು ಬಾಗಿತು ಎಂಬುದೇ ಆ ಎಳೆಯ ಬಲದ ಅಳತೆ.