ಬೆನ್ನಿಗೆ ಬೆನ್ನಿಟ್ಟ ಶಿಶು

2018ನೆಯ ಇಸವಿಯ ಡಿಸೆಂಬರ್ 25ರಂದು ಬೆಂಗಳೂರಿನ ಕೆಂಗೇರಿಯ ಆಸ್ಪತ್ರೆಯೊಂದರಲ್ಲಿ, 98 ವರ್ಷಗಳ ತುಂಬು ಬಾಳನ್ನು ಮುಗಿಸಿ ದೇಹವಿಟ್ಟವರು ಪಾವಗಡ ಸೀಮೆಯ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು. ವೈದ್ಯರ ಸುಳಿವೇ ವಿರಳವಾಗಿದ್ದ ಆ ಬರದ ನಾಡಿನಲ್ಲಿ ಸುಮಾರು ಏಳು ದಶಕಗಳ ಕಾಲ, ಪ್ರತಿಫಲವನ್ನು ಬೇಡದೆ, 15,000ಕ್ಕೂ ಮೇಲ್ಪಟ್ಟ ಹೆರಿಗೆಗಳನ್ನು ಮಾಡಿಸಿದರೆಂದು ಖ್ಯಾತರಾದ ಈ ತಾಯಿಗೆ ತುಮಕೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟನ್ನೂ, ಭಾರತ ಸರ್ಕಾರವು 2018ರಲ್ಲಿ ಪದ್ಮಶ್ರೀಯನ್ನೂ ಇತ್ತು ತಮ್ಮನ್ನೇ ಗೌರವಿಸಿಕೊಂಡವು. ಬಸುರಿಯ ಉದರದ ಮೇಲೆ ಕೈಯಿಟ್ಟ ಮಾತ್ರಕ್ಕೆ ಕೂಸಿನ ತಲೆ ಎಲ್ಲಿದೆ, ಅದರ ಕ್ಷೇಮ ಹೇಗಿದೆ ಎಂಬುದನ್ನು ಅವರು ಅರಿಯುತ್ತಿದ್ದರೆಂದು ಬಲ್ಲವರು ಹೇಳುತ್ತಾರೆ. ಇದು ಪವಾಡವಲ್ಲ, ಕೈಯ ವಿದ್ಯೆ. ಇಂದಿನ ಪ್ರಸೂತಿ ವೈದ್ಯರೂ ದಾದಿಯರೂ ಸ್ಕ್ಯಾನಿಂಗಿಗೆ ಮೊದಲು ಕಲಿಯುವುದು ಇದನ್ನೇ. ಈ ಅಧ್ಯಾಯದ ವಿಷಯಕ್ಕೂ ಇದೇ ಮೊದಲ ಪಾಠ.

ಶಿಶುವಿನ ತಲೆ ಕೆಳಮುಖವಾಗಿದೆಯೆಂದು ತಿಳಿದೊಡನೆ ಮನೆಯವರು ನಿಶ್ಚಿಂತರಾಗುತ್ತಾರೆ. ಆದರೆ ಕೆಳಮುಖವಾದ ತಲೆಯೂ ಹಲವು ದಿಕ್ಕುಗಳಿಗೆ ತಿರುಗಿರಬಹುದು. ಸಾಮಾನ್ಯವಾಗಿ ಶಿಶುವಿನ ಹೆಡತಲೆ ತಾಯಿಯ ಹೊಟ್ಟೆಯ ಕಡೆಗೂ ಮುಖ ಅವಳ ಬೆನ್ನಿನ ಕಡೆಗೂ ಇರುತ್ತದೆ. ಇದಕ್ಕೆ ವಿಪರ್ಯಯವಾಗಿ, ಶಿಶುವು ತಾಯಿಯ ಬೆನ್ನಿಗೆ ತನ್ನ ಬೆನ್ನನ್ನಿಟ್ಟು, ಹೆಡತಲೆಯನ್ನು ಅವಳ ಬೆನ್ನೆಲುಬಿನ ಬುಡದ ತ್ರಿಕಾಸ್ಥಿಗೆ ಒತ್ತಿಕೊಂಡು, ಮುಖವನ್ನು ಮುಂದಕ್ಕೆ ಮಾಡಿ ನಿಂತರೆ ಅದೇ ನಾವು ಇಲ್ಲಿ ವಿಚಾರಿಸುವ ಭಂಗಿ. ಆಗ ಹೊಕ್ಕುಳಿನ ಕೆಳಗೆ ಹೊಟ್ಟೆ ತುಸು ತಗ್ಗಿದಂತೆ ಕಾಣುವುದುಂಟು. ಕೈಕಾಲುಗಳ ಚಿಕ್ಕ ಚಿಕ್ಕ ಉಬ್ಬುಗಳು ಮುಂಭಾಗದಲ್ಲೇ ಕೈಗೆ ತಗಲುತ್ತವೆ. ಹೃದಯದ ಬಡಿತ ನಡುಹೊಟ್ಟೆಗಿಂತ ಪಕ್ಕೆಯಲ್ಲಿ ಸ್ಫುಟವಾಗಿ ಕೇಳಿಸುತ್ತದೆ. ಮೂಢಗರ್ಭವನ್ನು, ಎಂದರೆ ಹೊರಬರಲಾಗದೆ ಸಿಕ್ಕಿಕೊಂಡ ಗರ್ಭವನ್ನು, ಕೀಲ, ಪ್ರತಿಖುರ, ಬೀಜಕ, ಪರಿಘವೆಂದು ನಾಲ್ಕು ಬಗೆಯಾಗಿ ವಿಂಗಡಿಸುವ ಮತವೊಂದನ್ನು ಸುಶ್ರುತಸಂಹಿತೆಯು ಉಲ್ಲೇಖಿಸಿದೆಯಷ್ಟೆ. ಕೈಕಾಲು ಮುಂದಾಗಿ ಬಂದು ಸಿಕ್ಕಿಕೊಳ್ಳುವುದು, ಅಗುಳಿಯಂತೆ ಅಡ್ಡ ಬೀಳುವುದು ಮುಂತಾದ ಆ ಭೀಕರ ಸಂಕಟಗಳ ಸಾಲಿಗೆ ನಮ್ಮ ಈ ಶಿಶುವನ್ನು ಸೇರಿಸಬೇಕಾದ ಅಗತ್ಯವಿಲ್ಲ. ಇದು ರೋಗವಲ್ಲ, ದೋಷವೆಂದರೂ ಹೆಚ್ಚಾಯಿತು. ದಾರಿ ಮಾತ್ರ ದೂರ.

ಆ ದೂರವೇಕೆಂಬುದನ್ನು ಬಳೆಗಾರನ ಕೈಚಳಕದಿಂದ ತಿಳಿಯಬಹುದು. ಸೀಮಂತದ ದಿನ ಬಸುರಿಗೆ ಬಳೆ ತೊಡಿಸುವವನು ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಕೈಯನ್ನು ಕಿರಿದು ಮಾಡಿ, ಮೆಲ್ಲನೆ ತಿರುವುತ್ತ ಬಳೆಯನ್ನು ಏರಿಸುತ್ತಾನೆ. ಬೆರಳು ಚಾಚಿದ ಕೈಗೆ ಅದೇ ಬಳೆ ಏರದು. ಶಿಶುವೂ ಹಾಗೆಯೇ ಗದ್ದವನ್ನು ಎದೆಗೊತ್ತಿ ತಲೆಬಾಗಿದಾಗ ಶ್ರೋಣಿಯ ಎಲುಬಿನ ಬಳೆಯನ್ನು ಹಾಯಬೇಕಾದ ಅಳತೆ ಸುಮಾರು 9.5 ಸೆಂಟಿಮೀಟರು. ಬೆನ್ನಿಗೆ ಬೆನ್ನಿಟ್ಟ ಶಿಶುವಿಗೆ ತಲೆಬಾಗಲು ಎಡೆ ಸಾಲದೆ, ಅದು ಸೈನಿಕನಂತೆ ಕತ್ತನ್ನು ನೆಟ್ಟಗಿಟ್ಟುಕೊಂಡರೆ ಹಣೆಯಿಂದ ಹೆಡತಲೆಯವರೆಗಿನ 11.5 ಸೆಂಟಿಮೀಟರಿನ ಅಳತೆಯೇ ಎದುರಾಗುತ್ತದೆ. ಎರಡೇ ಸೆಂಟಿಮೀಟರಿನ ಈ ಅಂತರದಲ್ಲಿ ಪ್ರಸವದ ಗಂಟೆಗಳು ಬೆಳೆಯುತ್ತವೆ.

ಶ್ರೋಣಿಯ ತಳದ ಮಾಂಸಪಟಲವನ್ನು ತಲೆಯ ಯಾವ ಭಾಗ ಮೊದಲು ಮುಟ್ಟುವುದೋ ಆ ಭಾಗ ಮುಂದಕ್ಕೆ ತಿರುಗುವುದು ನಿಯಮ. ತಲೆ ಚೆನ್ನಾಗಿ ಬಾಗಿದ್ದರೆ ಹೆಡತಲೆಯೇ ಮೊದಲು ಮುಟ್ಟಿ, ಸಾಧಾರಣ ಶಿಶು 45 ಅಂಶ ತಿರುಗಿದರೆ ಸಾಕಾಗುವಲ್ಲಿ ಇದು 135 ಅಂಶ ತಿರುಗಿ, ಉಳಿದವುಗಳಂತೆಯೇ ಹುಟ್ಟುತ್ತದೆ. ಹೆಚ್ಚಿನವು ಹೀಗೆಯೇ ತಿರುಗುತ್ತವೆ: ನೋವು ಆರಂಭವಾಗುವ ಹೊತ್ತಿಗೆ ಐದರಲ್ಲೊಂದು ಪಾಲಿನಷ್ಟು ಶಿಶುಗಳು ಈ ಭಂಗಿಯಲ್ಲಿದ್ದರೆ, ಹುಟ್ಟುವ ಹೊತ್ತಿಗೆ ಹಾಗೆಯೇ ಉಳಿಯುವುವು 100ಕ್ಕೆ 5ರ ಆಸುಪಾಸು ಮಾತ್ರ. ಸ್ಕ್ಯಾನಿಂಗ್ ಚೀಟಿಯಲ್ಲಿ ಎಂಟನೆಯ ತಿಂಗಳಲ್ಲೇ ಈ ಭಂಗಿಯ ಉಲ್ಲೇಖವನ್ನು ಕಂಡು ಕಂಗೆಡುವವರು ಈ ಎರಡು ಸಂಖ್ಯೆಗಳನ್ನು ನೆನಪಿನಲ್ಲಿಡುವುದು ಲೇಸು.

ಈ ಪ್ರಸವದ ವಿಶೇಷ ಲಕ್ಷಣ ನಡುನೋವು. ಹೊಟ್ಟೆ ಹಿಂಡಿ ಬರುವ ಬದಲು ಸೊಂಟ ಸೀಳಿದಂತಾಗಿ, ಎರಡು ನೋವುಗಳ ನಡುವೆಯೂ ಪೂರ್ತಿ ಬಿಡುವು ಸಿಗದೆ, ತಾಯಿ ಬೇಗ ಬಳಲುತ್ತಾಳೆ. ನಮ್ಮ ಮನೆಗಳಲ್ಲಿ ಒಂದು ಅನ್ಯಾಯ ನಡೆಯುವುದು ಇಲ್ಲಿಯೇ. "ವಾಯು ಕಣೆ, ನಡು ಹಿಡಿದಿದೆ, ಹೆರಿಗೆ ನೋವು ಹೀಗೆ ಬರಲ್ಲ" ಎಂದು ಹಿರಿಯರು ಜೀರಿಗೆ ಕಷಾಯ ಕಾಸಿಕೊಟ್ಟು ಮಲಗಿಸುತ್ತಾರೆ. ಕಷಾಯದಿಂದ ಕೇಡಿಲ್ಲ; ಕಾಲಹರಣದಿಂದ ಕೇಡುಂಟು. ನಡುವಿನಲ್ಲೇ ಆಗಲಿ, ನೋವು ಕ್ರಮವಾಗಿ ಮರಳಿ ಮರಳಿ ಬಂದು ಬಲಿಯುತ್ತಿದ್ದರೆ ಅದು ಹೆರಿಗೆಯ ನೋವೇ. ನೀರು ಒಡೆದರೆ, ರಕ್ತ ಕಂಡರೆ, ಮಗುವಿನ ಮಿಸುಕಾಟ ಕುಗ್ಗಿದರೆ ನೋವಿಗಾಗಿ ಕಾಯುವ ಮಾತೇ ಇಲ್ಲ. ಆಸ್ಪತ್ರೆಯ ದಾರಿಗೂ ಹೊತ್ತು ಬೇಕು: ಕೆಂಗೇರಿಯಿಂದ, 1935ರಲ್ಲಿ ಆರಂಭವಾದ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ ಮೈಸೂರು ರಸ್ತೆಯಲ್ಲಿ ಸುಮಾರು 15 ಕಿಲೋಮೀಟರು. ನಾಯಂಡಹಳ್ಳಿಯ ವಾಹನಸಂದಣಿಯನ್ನು ಬಲ್ಲವರು ಅದನ್ನು ಕಿಲೋಮೀಟರಿನಲ್ಲಿ ಅಳೆಯರು. 2021ರಲ್ಲಿ ಮೆಟ್ರೋ ಕೆಂಗೇರಿಗೆ ಬಂದುದು ಸಂತೋಷವೇ. ಆದರೂ ಈ ನೋವಿನ ಹೆಂಗಸು ಅದನ್ನು ಹತ್ತುವಂತಿಲ್ಲ. ಹೆರಿಗೆ ಎಲ್ಲಿ, ಅಲ್ಲಿ ರಾತ್ರಿಯೂ ಶಸ್ತ್ರಚಿಕಿತ್ಸೆಗೆ ಅನುಕೂಲವಿದೆಯೇ, 108ಕ್ಕೆ ಕರೆ ಮಾಡುವವರು ಯಾರು ಎಂಬುದನ್ನು ತಾಯಿ ಕಾರ್ಡಿನೊಡನೆ ಒಂಬತ್ತನೆಯ ತಿಂಗಳಿಗೆ ಮುಂಚೆಯೇ ನಿಶ್ಚಯಿಸಿಡಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಸಹಿತವಾಗಿ ಹೆರಿಗೆ ಉಚಿತವೆಂದು 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ವಿಧಿಸಿರುವುದನ್ನೂ ಮರೆಯಬಾರದು.

ಬಸುರಿಯು ಸೋಫಾದಲ್ಲಿ ಒರಗಿ ಕುಳಿತುದರಿಂದಲೇ, ನೆಲ ಸಾರಿಸದೆ ಹೋದುದರಿಂದಲೇ ಮಗು ಹೀಗೆ ತಿರುಗಿತೆಂದು ದೂರುವ ವಾಡಿಕೆ ಈಚೆಗೆ ಬಲವಾಗಿದೆ. 2004ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ 2,547 ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಂದ ಕಡೆಯ ವಾರಗಳಲ್ಲಿ ದಿನಕ್ಕೆರಡು ಬಾರಿ ಹತ್ತು ಹತ್ತು ನಿಮಿಷ ಅಂಬೆಗಾಲಿನ ಭಂಗಿಯಲ್ಲಿ ಸೊಂಟವನ್ನು ಆಡಿಸುವ ವ್ಯಾಯಾಮ ಮಾಡಿಸಿ ನೋಡಿದರು. ಹುಟ್ಟುವ ಹೊತ್ತಿನ ಭಂಗಿಯಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ. ಶ್ರೋಣಿಯ ಆಕಾರ ಅನೇಕ ವೇಳೆ ಈ ಭಂಗಿಗೆ ಕಾರಣ. ಅದಂತೂ ಯಾರ ತಪ್ಪೂ ಅಲ್ಲ. ಆದಕಾರಣ ಸೊಸೆಯನ್ನು ಬೈಯುವ ಹಕ್ಕು ಯಾರಿಗೂ ಬಾರದು.

ಆದರೆ ನೋವು ಬಂದ ಮೇಲೆ ಅದೇ ಅಂಬೆಗಾಲಿನ ಭಂಗಿ ನಡುನೋವನ್ನು ತಗ್ಗಿಸುವುದು ಪರೀಕ್ಷೆಯಿಂದ ಕಂಡ ಮಾತು. ಅಂಗಾತ ಮಲಗದೆ ನಡೆದಾಡುವುದು, ಮಗ್ಗುಲಾಗುವುದು, ತ್ರಿಕಾಸ್ಥಿಯ ಮೇಲೆ ಅಂಗೈಯನ್ನು ಬಲವಾಗಿ ಒತ್ತಿ ಹಿಡಿಯುವವರೊಬ್ಬರು ಜೊತೆಗಿರುವುದು, ಬಿಸಿನೀರಿನ ಶಾಖ ಕೊಡುವುದು, ಇವು ಬಡವರಿಗೂ ಎಟಕುವ ಉಪಶಮನಗಳು. ಹೆರಿಗೆಯ ಕೋಣೆಯಲ್ಲಿ ತಾಯಿಯೊಡನೆ ಬಂಧುಸ್ತ್ರೀಯೊಬ್ಬಳನ್ನು ಇರಗೊಡಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಅನುಮತಿಯಿತ್ತಿತು. ಇಂಥ ದೀರ್ಘ ಪ್ರಸವದಲ್ಲಿ ಆ ಜೊತೆಗಾತಿಯ ಕೈ ಔಷಧಿಗೆ ಸಮಾನ. ಅನುಕೂಲವಿರುವಲ್ಲಿ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಚುಚ್ಚುಮದ್ದೂ ಉಂಟು.

ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಮೊದಲೇ ಮುಕ್ಕಬೇಕೆನಿಸುವುದು ಈ ಭಂಗಿಯ ಮತ್ತೊಂದು ಕಾಟ. ಹೆಡತಲೆಯು ಗುದನಾಳವನ್ನು ಒತ್ತುವುದರಿಂದ ಹುಟ್ಟುವ ಈ ಪ್ರೇರಣೆಗೆ, ದಾದಿ ಹೇಳುವವರೆಗೆ, ಉಸಿರನ್ನು ಊದುತ್ತ ತಡೆಯೊಡ್ಡಬೇಕಾಗುತ್ತದೆ. "ಮುಕ್ಕಮ್ಮಾ, ಮುಕ್ಕು" ಎಂದು ಸುತ್ತ ನಿಂತವರೆಲ್ಲ ಕೂಗುವುದು ಇಲ್ಲಿ ಉಪಕಾರವಲ್ಲ.

ಎಷ್ಟು ಹೊತ್ತು ಕಾಯಬಹುದು? ಗರ್ಭಕೋಶದ ಬಾಯಿ ಗಂಟೆಗೆ ಒಂದು ಸೆಂಟಿಮೀಟರಿನಂತೆ ತೆರೆಯಲೇಬೇಕೆಂಬ ಹಳೆಯ ಅಳತೆಗೋಲನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸಡಿಲಿಸಿತು. ತಾಯಿಯೂ ಶಿಶುವೂ ಕ್ಷೇಮವಾಗಿರುವವರೆಗೆ ನಿಧಾನವೊಂದೇ ಚಾಕುವಿಗೆ ಕಾರಣವಾಗಲಾರದು. ಬಾಯಿ ಪೂರ್ತಿ ತೆರೆದ ಮೇಲೆ ಚೊಚ್ಚಲಿಗೆ ಸಾಮಾನ್ಯವಾಗಿ ಮೂರು ಗಂಟೆ, ಹೆತ್ತ ಅನುಭವವಿದ್ದವಳಿಗೆ ಎರಡು ಗಂಟೆ ಎಂಬ ಮಿತಿಯನ್ನೂ ಅದು ಸೂಚಿಸಿತು. ತಾಳ್ಮೆಯನ್ನು ನಾನು ಎಷ್ಟೇ ಮೆಚ್ಚಿದರೂ, ಶಿಶುವಿನ ಹೃದಯವನ್ನು ಕಾಲಕಾಲಕ್ಕೆ ಕೇಳದ ತಾಳ್ಮೆ ಬರಿಯ ಉದಾಸೀನವೆಂದೇ ಹೇಳುವೆನು. ತಲೆ ನಡುದಾರಿಯಲ್ಲಿ ಅಡ್ಡನಾಗಿ ನಿಂತುಬಿಟ್ಟರೆ, ನುರಿತ ವೈದ್ಯರು ಕೈಯಿಂದಲೇ ಅದನ್ನು ತಿರುಗಿಸಲು ಯತ್ನಿಸುತ್ತಾರೆ. ಅದಾಗದಿದ್ದರೆ ಸಂದರ್ಭವನ್ನು ನೋಡಿ ನಿರ್ವಾತದ ಬಟ್ಟಲನ್ನೋ ಇಕ್ಕುಳವನ್ನೋ ಬಳಸುತ್ತಾರೆ, ಇಲ್ಲವೇ ಸಿಸೇರಿಯನ್ ಮಾಡುತ್ತಾರೆ. ಹಾಗೆ ಮಾಡಬೇಕಾಗಿ ಬಂದುದನ್ನು ತಾಯಿಯ ಅಶಕ್ತಿಯೆಂದು ಎಣಿಸುವುದು ಶುದ್ಧ ಅಜ್ಞಾನ.

ತಿರುಗದೆಯೂ ತಮ್ಮ ಪಾಡಿಗೆ ಹುಟ್ಟುವ ಶಿಶುಗಳಿವೆ. ಅವು ನೆಲದ ಬದಲು ಮುಗಿಲನ್ನು ನೋಡುತ್ತ ಬರುತ್ತವೆ. ಅಗಲವಾದ ಅಳತೆ ಹಾಯ್ದು ಬಂದುದರಿಂದ ತಾಯಿಗೆ ಗುದದವರೆಗೂ ಆಳವಾಗಿ ಸೀಳುವ ಸಂಭವ ಹೆಚ್ಚು. ಆದುದರಿಂದ ಹೊಲಿಗೆ ಹಾಕುವ ಮುನ್ನ ಸರಿಯಾದ ಪರೀಕ್ಷೆಯಾಗಬೇಕು. ಬಾಣಂತಿಯು ಮುಂದೆ ಗಾಳಿ ಅಥವಾ ಮಲವನ್ನು ತಡೆಯಲಾಗದಿದ್ದರೆ ನಾಚಿ ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು. ಮಗುವಿನ ತಲೆ ಉದ್ದವಾಗಿಯೋ ಸೊಟ್ಟಾಗಿಯೋ ಕಂಡರೆ ಅದು ಎಲುಬಿನ ಹಾದಿಗೆ ಹೊಂದಿಕೊಂಡ ಗುರುತು, ಕೆಲವು ದಿನಗಳಲ್ಲಿ ತಾನಾಗಿ ಸರಿಹೋಗುತ್ತದೆ; ನಿರ್ವಾತದ ಬಟ್ಟಲಿನಿಂದಾದ ಬಾವು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲೇ ಇಳಿಯುತ್ತದೆ. ಬಾವು ಇಳಿಯದೆ ಹಬ್ಬುತ್ತಿದ್ದರೆ, ಅಥವಾ ಮಗು ಮಂಕಾಗಿ ಮೊಲೆಯುಣ್ಣದಿದ್ದರೆ, ಒಡನೆಯೇ ವೈದ್ಯರಿಗೆ ತೋರಿಸಬೇಕು. ಎಣ್ಣೆ ನೀರೆರೆಯುವ ಅಜ್ಜಿಯರು ತಲೆಯನ್ನು ದುಂಡಗೆ ಮಾಡುವ ಉತ್ಸಾಹದಲ್ಲಿ ಆ ಬಾವನ್ನು ಒತ್ತುವುದಾಗಲಿ, ತಿಕ್ಕುವುದಾಗಲಿ ಕೂಡದು.